ಮೊದಲ ಲೋಟ ಮತ್ತು ನನ್ನ ಥೈರಾಯ್ಡ್

ಮಾತ್ರೆ ನುಂಗುವುದರಲ್ಲಿ ತಪ್ಪು ಮಾಡಲು ಏನಿದೆ ಹೇಳಿ. ಬಾಯಿ ತೆರೆಯಬೇಕು, ಮಾತ್ರೆ ಹಾಕಬೇಕು, ನೀರು ಕುಡಿಯಬೇಕು. ಎಲ್ಲ ಸೇರಿ ಮೂರೇ ಕೆಲಸ. ಆ ಮೂರು ಕೆಲಸದಲ್ಲಿ ನಾನು ನಾಲ್ಕು ತಪ್ಪು ಮಾಡಿದೆ! ಅದು ಹೇಗೆಂದು ಹೇಳುವ ಮೊದಲು ನಮ್ಮ ಹೋಟೆಲಿನ ಒಂದು ಪದ್ಧತಿಯನ್ನು ಹೇಳಿಬಿಡಬೇಕು. ಇಲ್ಲದಿದ್ದರೆ ನೀವು ನನ್ನನ್ನು ಬರೀ ದಡ್ಡ ಎಂದುಕೊಳ್ಳುವ ಅಪಾಯವಿದೆ.

ಚೆನ್ನೈನ ಕೋಡಂಬಾಕ್ಕಂನಲ್ಲಿ, ಒಂದು ಗಲ್ಲಿಯೊಳಗೆ ನಮ್ಮ ಸಸ್ಯಾಹಾರಿ ಹೋಟೆಲ್. ಕುಂದಾಪುರದ ಕಡೆಯಿಂದ ಬಂದ ಅಜ್ಜ ಶುರು ಮಾಡಿದ್ದು. ಸಿನಿಮಾ ಸ್ಟುಡಿಯೋಗಳು ಜೋರಾಗಿದ್ದ ಕಾಲದಲ್ಲಿ ಮುಖಕ್ಕೆ ಬಣ್ಣ ಹಚ್ಚಿಕೊಂಡ ರಾಜರೂ ರಾಕ್ಷಸರೂ ನಮ್ಮಲ್ಲಿ ಒಂದೇ ಬೆಂಚಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದರಂತೆ. ಈಗ ರಾಜರೂ ಇಲ್ಲ, ರಾಕ್ಷಸರೂ ಇಲ್ಲ, ಬೆಂಚು ಮಾತ್ರ ಇದೆ. ಜೊತೆಗೆ ಅಜ್ಜ ಮಾಡಿಟ್ಟ ನಿಯಮವೂ ಇದೆ. ಬೆಳಗ್ಗೆ ಇಳಿದ ಮೊದಲ ಡಿಕಾಕ್ಷನ್ನಿನ ಮೊದಲ ಲೋಟ ಕಾಫಿಯನ್ನು ಗಲ್ಲಾಪೆಟ್ಟಿಗೆಯ ಮೇಲಿರುವ ಕೃಷ್ಣನ ಪಟದ ಮುಂದೆ ಇಡಬೇಕು. ಆಮೇಲೆ ಅದನ್ನು ಯಜಮಾನ ಕುಡಿದು "ಆಯ್ತು" ಎನ್ನಬೇಕು. ಆ ಮಾತು ಬಾರದೆ ಶಟರ್ ಏಳುವಂತಿಲ್ಲ. ರುಚಿ ಸರಿಯಿಲ್ಲದಿದ್ದರೆ "ಚೆಲ್ಲಿ" ಎನ್ನಬೇಕು. ಆಗ ಅಷ್ಟೂ ಡಿಕಾಕ್ಷನ್ ಮೋರಿಗೆ ಹೋಗಿ, ಹೊಸದು ಇಳಿಯಬೇಕು. ಮೊದಲು ಅಜ್ಜ ಕುಡಿಯುತ್ತಿದ್ದರು, ಆಮೇಲೆ ಅಪ್ಪ, ಇಪ್ಪತ್ತೆರಡು ವರ್ಷಗಳಿಂದ ನಾನು.

ನಿಜ ಹೇಳಬೇಕೆಂದರೆ ಹೋಟೆಲಿನಲ್ಲಿ ನಾನು ಮಾಡುವ ಮುಖ್ಯ ಕೆಲಸ ಅದೊಂದೇ! ಅಡುಗೆಮನೆ ರಾಘು ಭಟ್ಟರದ್ದು. ಕೋಯಂಬೇಡು ಮಾರ್ಕೆಟ್ಟಿನ ತರಕಾರಿಯಿಂದ ಹಿಡಿದು ಗಿರಾಕಿಗಳ ತಕರಾರಿನವರೆಗೆ ಉಳಿದದ್ದೆಲ್ಲ ನನ್ನ ಹೆಂಡತಿ ಜಲಜಳದ್ದು. ನನ್ನದು ನಾಲಿಗೆ. ಆ ನಾಲಿಗೆಯಿಂದಲೇ ಗಲ್ಲಿಯಲ್ಲಿ ನನಗೊಂದು ಮರ್ಯಾದೆ, ಅದು ಹೋದರೆ ನಾನು ಬರೀ ಗಲ್ಲಾಪೆಟ್ಟಿಗೆಯ ಪಕ್ಕದ ಕುರ್ಚಿ.

ಇನ್ನು ಥೈರಾಯ್ಡ್ ವಿಷಯ. ಆರು ವರ್ಷಗಳ ಹಿಂದೆ ನನ್ನ ಥೈರಾಯ್ಡ್ ಗ್ರಂಥಿ ಸೋಮಾರಿ ಎಂದು ಗೊತ್ತಾಯಿತು. "ಗ್ರಂಥಿಗೂ ಯಜಮಾನರದ್ದೇ ಬುದ್ಧಿ" ಎಂದಿದ್ದಳು ಜಲಜ. ಆಗ ನೋಡಿದ ಹಳೆಯ ಡಾಕ್ಟರು ನಮ್ಮ ಖಾಯಂ ಗಿರಾಕಿ. ಕಾಫಿಯ ವಿರುದ್ಧ ಮಾತಾಡುವ ಕೆಟ್ಟ ಅಭ್ಯಾಸ ಅವರಿಗಿರಲಿಲ್ಲ. ನಾನು ಮಾತ್ರೆಯನ್ನು ಊಟದ ನಡುವೆ, ಮಜ್ಜಿಗೆಯ ಜೊತೆ, ನೆನಪಾದಾಗ ನುಂಗುತ್ತಿದ್ದೆ. ಅವರು ಅಷ್ಟಷ್ಟೇ ಪ್ರಮಾಣ ಏರಿಸುತ್ತಿದ್ದರು. ಇಬ್ಬರೂ ಸುಖವಾಗಿದ್ದೆವು.

ಕಳೆದ ಜನವರಿಯಲ್ಲಿ ಅವರು ನಿವೃತ್ತರಾದರು. ಅದೇ ಕೋಣೆಯಲ್ಲಿ, ಅದೇ ಕುರ್ಚಿಯಲ್ಲಿ ಒಬ್ಬರು ಹೊಸ ಡಾಕ್ಟರಮ್ಮ ಬಂದು ಕೂತರು. ಅದೇ ಸಮಯಕ್ಕೆ ನನ್ನ ಹಳೆಯ ಮಾತ್ರೆಯೂ ಮೆಡಿಕಲ್ ಶಾಪಿಗೆ ಬರುವುದು ನಿಂತಿತು. ಡಾಕ್ಟರಮ್ಮ ಬೇರೆ ಕಂಪನಿಯ, ಬೇರೆ ಪ್ರಮಾಣದ ಮಾತ್ರೆ ಬರೆದರು. ಬರೆಯುತ್ತಲೇ ತಮಿಳಿನಲ್ಲಿ ನಾಲ್ಕು ಮಾತು ಹೇಳಿದರು. ಒಂದು, ಎದ್ದ ಕೂಡಲೇ ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ ನುಂಗಬೇಕು. ಎರಡು, ಆಮೇಲೆ ಒಂದು ಗಂಟೆ ಏನೂ ಕೂಡದು, ಕಾಫಿಯಂತೂ ಬೇಡವೇ ಬೇಡ. ಮೂರು, ಎರಡು ತಿಂಗಳು ಬಿಟ್ಟು ರಕ್ತ ಪರೀಕ್ಷೆ ಮಾಡಿಸಿ ರಿಪೋರ್ಟನ್ನು ತಮಗೇ ತೋರಿಸಬೇಕು. ನಾಲ್ಕು, ನಾನಾಗಿ ಏನೂ ಬದಲಾಯಿಸಬಾರದು. ನಾಲ್ಕಕ್ಕೂ ನಾನು ತಲೆಯಾಡಿಸಿದೆ.

ಮನೆಗೆ ಬಂದ ಮೇಲೆ ಸಮಸ್ಯೆಯ ಆಳ ತಿಳಿಯಿತು. ನಮ್ಮ ಮನೆ ಹೋಟೆಲಿನ ಮೇಲಿನ ಮಹಡಿ. ನಾನು ಏಳುವುದು ಐದಕ್ಕೆ. ಮೊದಲ ಲೋಟ ಐದೂಕಾಲಿಗೆ. ಶಟರ್ ಐದೂವರೆಗೆ. ಮಾತ್ರೆಗೂ ಕಾಫಿಗೂ ನಡುವೆ ಒಂದು ಗಂಟೆ ಬೇಕೆಂದರೆ ನಾನು ನಾಲ್ಕೂಕಾಲಿಗೆ ಏಳಬೇಕು!

"ಏಳಿ. ಅದರಲ್ಲೆಂತ? ಭಟ್ರು ಏಳುದಿಲ್ವಾ?" ಎಂದಳು ಜಲಜ.

"ಭಟ್ರು ಅಡುಗೆಯವರು. ನಾನು ಯಜಮಾನ."

"ಥೈರಾಯ್ಡ್ ಇರುದು ಯಜಮಾನರಿಗಲ್ವಾ?"

ಇಂಥ ತರ್ಕಕ್ಕೆಲ್ಲ ಉತ್ತರ ಕೊಡುತ್ತ ಕೂತರೆ ಸಂಸಾರ ನಡೆಯುವುದಿಲ್ಲ. ನಾನು ಒಂದು ರಾತ್ರಿ ಯೋಚಿಸಿ ಶಾಸ್ತ್ರೋಕ್ತ ಪರಿಹಾರ ಕಂಡುಹಿಡಿದೆ. ಡಾಕ್ಟರಮ್ಮ ಬೇಡವೆಂದದ್ದು ಕಾಫಿಯನ್ನು. ನಾನು ಕುಡಿಯುವುದು ದೇವರ ಮುಂದೆ ಇಟ್ಟದ್ದನ್ನು. ದೇವರ ಮುಂದೆ ಇಟ್ಟ ಮೇಲೆ ಅದು ಕಾಫಿಯೇ ಅಲ್ಲ, ಪ್ರಸಾದ! ಪ್ರಸಾದವನ್ನು ಯಾವ ವೈದ್ಯಶಾಸ್ತ್ರವೂ ಆಕ್ಷೇಪಿಸುವಂತಿಲ್ಲ. ಮರುದಿನ ಬೆಳಗ್ಗೆ ಕೃಷ್ಣನಿಗೆ ಕೈಮುಗಿದು, ಹೊಸ ಮಾತ್ರೆಯನ್ನು ನಾಲಿಗೆಯ ಮೇಲಿಟ್ಟು, ಬಿಸಿಬಿಸಿ ಪ್ರಸಾದದ ಜೊತೆ ನುಂಗಿದೆ. ನೀರು ಕುಡಿಯುವ ಶ್ರಮವೂ ಉಳಿಯಿತು.

"ಪ್ರಸಾದದಲ್ಲಿ ಡಿಕಾಕ್ಷನ್ ಇರುದಿಲ್ವಾ?" ಎಂದು ಒಳಗಿನಿಂದ ಜಲಜಳ ದನಿ ಕೇಳಿಸಿತು.

"ಭಕ್ತಿ ಇರುವಲ್ಲಿ ಡಿಕಾಕ್ಷನ್ ಲೆಕ್ಕಕ್ಕಿಲ್ಲ" ಎಂದೆ.

ಎರಡು ತಿಂಗಳು ಕಳೆಯಿತು. ಮೈ ಭಾರ. ಕೂತಲ್ಲೇ ತೂಕಡಿಕೆ. ತಪ್ಪು ಹೊಸ ಮಾತ್ರೆಯದ್ದೇ ಎಂದು ನನಗೆ ಖಾತ್ರಿಯಾಗಿತ್ತು. ಹಳೆಯ ಮಾತ್ರೆ ಗಂಭೀರವಾಗಿ ಹಾಳೆಯೊಳಗೆ ಸಾಲಾಗಿ ಕೂತಿರುತ್ತಿತ್ತು. ಇದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಗಲಗಲ ಎನ್ನುವ ಒಂದು ಚಿಲ್ಲರೆ ಮಾತ್ರೆ. ಗಾತ್ರವಂತೂ ಸಾಸಿವೆಗಿಂತ ಸ್ವಲ್ಪ ದೊಡ್ಡದು. ಇಷ್ಟು ದೊಡ್ಡ ಮನುಷ್ಯನಿಗೆ ಅಷ್ಟು ಸಣ್ಣ ಮಾತ್ರೆ ಕೊಟ್ಟದ್ದೇ ಒಂದು ಅವಮಾನ.

ಲ್ಯಾಬಿನವನು ಬಂದು ರಕ್ತ ತೆಗೆದುಕೊಂಡು ಹೋದ. ಸಂಜೆ ರಿಪೋರ್ಟ್ ಮೊಬೈಲಿಗೆ ಬಂತು. ನಾನು ಕನ್ನಡಕ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು ಓದಿದೆ. ಟಿಎಸ್‌ಎಚ್ ಎಂಬುದರ ಮುಂದೆ ದಪ್ಪ ಅಕ್ಷರದಲ್ಲಿ ಹದಿನಾಲ್ಕು. ಪಕ್ಕದಲ್ಲಿ, ನಾಲ್ಕರ ಆಸುಪಾಸಿನವರೆಗೆ ಇದ್ದರೆ ಸರಿ ಎಂದು ಬರೆದಿತ್ತು. ಅದರ ಕೆಳಗೆ ಟಿ-ಫೋರ್ ಎಂಬ ಇನ್ನೊಂದು ಸಾಲು ಇತ್ತು, ಅದು ಕಡಿಮೆ. ಕಡಿಮೆ ಇರುವುದರ ಬಗ್ಗೆ ತಲೆ ಕೆಡಿಸಿಕೊಳ್ಳುವ ಸ್ವಭಾವ ನನ್ನದಲ್ಲ.

"ಜಲಜಾ! ಹದಿನಾಲ್ಕು!"

"ಜಾಸ್ತಿಯಾದ್ರೆ ಒಳ್ಳೇದಾ, ಕೆಟ್ಟದ್ದಾ?"

"ಸೋಮಾರಿ ಅಂತಿದ್ದಿಯಲ್ಲ? ಈಗ ಮೂರು ಜನರ ಥೈರಾಯ್ಡ್ ನನ್ನೊಬ್ಬನಲ್ಲೇ ಉಂಟು! ಮಾತ್ರೆ ಜೋರು ಮಾರಾಯ್ತಿ, ಹಾಗಾಗಿ ಮೈ ತಡೆಯುದಿಲ್ಲ."

ಕಾಲೇಜಿಗೆ ಹೋಗುವ ಮಗಳು ನವ್ಯಾ ಅಲ್ಲೇ ಇದ್ದಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುವುದು ಅವಳ ರೂಢಿ. ತಲೆಯೆತ್ತದೆ, "ಮೊದಲ್ಲ ಡಾಕ್ಟರ್‌ಕಿಟ್ಟ ಕಾಟ್ಟುಂಗಪ್ಪಾ" ಎಂದಳು. ಮೊದಲು ಡಾಕ್ಟರಿಗೆ ತೋರಿಸಿ ಎಂದು. ಅಷ್ಟು ಸಣ್ಣ ವಿಷಯಕ್ಕೆ ಡಾಕ್ಟರಮ್ಮನಿಗೆ ತೊಂದರೆ ಯಾಕೆ? ಸಾಂಬಾರಿಗೆ ಉಪ್ಪು ಹೆಚ್ಚಾದರೆ ಮರುದಿನ ಉಪ್ಪು ಕಡಿಮೆ ಹಾಕುತ್ತೇವೆ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಮರುದಿನದಿಂದ ತರಕಾರಿ ಚಾಕುವಿನಲ್ಲಿ ಮಾತ್ರೆಯನ್ನು ಎರಡು ಮಾಡಿ ಅರ್ಧವನ್ನೇ ನುಂಗತೊಡಗಿದೆ. ಜಲಜ ಕೇಳಿದಾಗ ಡಾಕ್ಟರಮ್ಮ ಫೋನಿನಲ್ಲಿ ಹೇಳಿದರು ಎಂದೆ. ಅದು ಸುಳ್ಳು.

ಮೇ ತಿಂಗಳು ಬಂತು. ಚೆನ್ನೈನವರು ಕತ್ತಿರಿ ಎನ್ನುವ ಉರಿಬಿಸಿಲು ಶುರುವಾಯಿತು. ಜನ ನೆರಳಿನಿಂದ ನೆರಳಿಗೆ ಓಡುತ್ತಿದ್ದರು. ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ನನಗೆ ಮಾತ್ರ ಚಳಿ!

ತಡೆಯಲಾರದೆ ಒಂದು ಮಧ್ಯಾಹ್ನ ಟಿ. ನಗರಕ್ಕೆ ಹೋಗಿ ನಾಲ್ಕು ಮಹಡಿಯ ಒಂದು ಬಟ್ಟೆ ಅಂಗಡಿ ಹೊಕ್ಕು ಸ್ವೆಟರ್ ಕೇಳಿದೆ. ಅಂಗಡಿಯವನು ನನ್ನನ್ನು ಕೂರಿಸಿ ಮೊದಲು ನೀರು ಕೊಟ್ಟ. ಬಿಸಿಲು ತಲೆಗೇರಿದೆ ಎಂದುಕೊಂಡನೋ ಏನೋ. ಆಮೇಲೆ ಗೋಡೌನಿನಿಂದ ಧೂಳು ಹೊಡೆದು ಒಂದು ಬೂದು ಬಣ್ಣದ ಸ್ವೆಟರನ್ನೂ ಒಂದು ಮಂಕಿ ಕ್ಯಾಪನ್ನೂ ತಂದ.

"ಊಟಿಕ್ಕಾ ಸಾರ್?" ಎಂದು ಕೇಳಿದ.

"ಇಲ್ಲಪ್ಪಾ, ಕಲ್ಲಾಪೆಟ್ಟಿಕ್ಕು" ಎಂದೆ. ಊಟಿಗಲ್ಲ, ಗಲ್ಲಾಪೆಟ್ಟಿಗೆಯ ಮುಂದೆ ಕೂರಲು ಎಂದು. ಅವನು ಇನ್ನೊಂದು ಲೋಟ ನೀರು ತರಿಸಿದ.

ಮಂಕಿ ಕ್ಯಾಪಿನಲ್ಲಿ ನಾನು ಗಲ್ಲಾದಲ್ಲಿ ಕೂತದ್ದನ್ನು ನೋಡಲು ಪಕ್ಕದ ಗಲ್ಲಿಯಿಂದಲೂ ಮಕ್ಕಳು ಬಂದರು. ಅದನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಬೇರೆ ಒಂದು ನಡೆಯಿತು. ಮೊದಲ ಲೋಟ ಸಪ್ಪೆ ಎನಿಸತೊಡಗಿತು. ಎಷ್ಟು ಕುಡಿದರೂ ಬಿಸಿನೀರು ಕುಡಿದ ಹಾಗೆ.

"ಚೆಲ್ಲಿ" ಎಂದೆ.

ರಾಘು ಭಟ್ಟರು ಚೆಲ್ಲಿ ಹೊಸದು ತಂದರು. ಅದನ್ನೂ ಚೆಲ್ಲಿಸಿದೆ. ಮೂರನೆಯದಕ್ಕೆ ಪುಡಿ ಒಂದೂವರೆ ಪಾಲು ಬಿತ್ತು. ಆಗ ನಾಲಿಗೆಗೆ ಏನೋ ಸ್ವಲ್ಪ ತಾಗಿದಂತಾಗಿ "ಆಯ್ತು" ಎಂದೆ.

"ಇದು ಆಯ್ತಾ?" ಎಂದರು ಭಟ್ಟರು, ತಾವೂ ಒಂದು ಗುಟುಕು ಕುಡಿದು. ಇಪ್ಪತ್ತೆರಡು ವರ್ಷಗಳಲ್ಲಿ ನನ್ನ "ಆಯ್ತು" ಮೇಲೆ ಅವರು ಪ್ರಶ್ನೆ ಹಾಕಿದ್ದು ಅದೇ ಮೊದಲು. "ಮಾರಾಯ್ರೆ, ಇದರಲ್ಲಿ ಚಮಚ ನಿಲ್ತದೆ!"

"ನಾಲಿಗೆ ಯಾರದ್ದು ಭಟ್ರೆ?"

ಭಟ್ಟರು ಬಾಯಿ ಮುಚ್ಚಿದರು. ಗಿರಾಕಿಗಳು ಮುಚ್ಚಲಿಲ್ಲ. ನಮ್ಮ ಶಟರ್ ಎದ್ದ ಕೂಡಲೇ ಒಳಗೆ ಬರುವವರು ಸುಂದರಂ ಮಾಮಾ, ನಿವೃತ್ತ ಪೋಸ್ಟ್‌ಮಾಸ್ಟರ್. ನನ್ನ ಅಪ್ಪನ ಕಾಲದಿಂದಲೂ ಮೊದಲ ಮೇಜು ಅವರದ್ದು. ಅವರು ಒಂದು ಗುಟುಕು ಕುಡಿದು, ಲೋಟವನ್ನು ಡಬರಿಯಲ್ಲಿ ಮೆಲ್ಲಗೆ ಇಟ್ಟು, "ಇದು ಯಾವ ಕಾಯಿಲೆಗೆ ಕೊಡುವ ಕಷಾಯ?" ಎಂದು ತಮಿಳಿನಲ್ಲಿ ವಿಚಾರಿಸಿದರು. ವಾರದೊಳಗೆ ಬೆಳಗಿನ ಬೆಂಚು ಅರ್ಧ ಖಾಲಿ. ಎದುರಿನ ಟೀ ಅಂಗಡಿಯಲ್ಲಿ ನಮ್ಮದೇ ಜನ ನಿಂತು, ನನ್ನತ್ತ ಬೆನ್ನು ಹಾಕಿ ಟೀ ಕುಡಿಯುತ್ತಿದ್ದರು. ನನಗೆ ನಿಜವಾಗಿ ಹೊಟ್ಟೆ ಉರಿಯಿತು. ಅಜ್ಜ, ಅಪ್ಪ ಇಬ್ಬರೂ ಕೊಟ್ಟು ಹೋದದ್ದು ಅದೊಂದೇ ಲೋಟ. ಅದು ನನ್ನ ಕೈಯಲ್ಲಿ ಕೆಡುತ್ತಿದೆ ಎಂದು ಒಳಗೊಳಗೆ ಗೊತ್ತಾಗುತ್ತಿತ್ತು. ಹೊರಗೆ ಮಾತ್ರ ಹಾಲಿನವನನ್ನು ಬೈಯುತ್ತಿದ್ದೆ.

ಮತ್ತೆ ರಕ್ತ ಕೊಟ್ಟೆ. ಈ ಸಲ ಟಿಎಸ್‌ಎಚ್ ನಲವತ್ತೊಂದು!

ನೀವೇ ಹೇಳಿ, ಅರ್ಧ ಮಾತ್ರೆಗೇ ನಲವತ್ತೊಂದಾದರೆ ಪೂರ್ತಿ ನುಂಗಿದ್ದರೆ ನನ್ನ ಗತಿ ಏನಾಗುತ್ತಿತ್ತು? ನನ್ನ ಮುಂದಾಲೋಚನೆಗೆ ನಾನೇ ಬೆನ್ನು ತಟ್ಟಿಕೊಂಡೆ. ಇಂಥ ಭಯಂಕರ ಮಾತ್ರೆಯ ಸಹವಾಸವೇ ಬೇಡವೆಂದು ಡಬ್ಬಿಯನ್ನು ಕಪಾಟಿನ ಹಿಂದೆ ತಳ್ಳಿದೆ. ಆಮೇಲಿನ ಎರಡು ವಾರ ನನಗೆ ಸರಿಯಾಗಿ ನೆನಪಿಲ್ಲ. ಬಹುಪಾಲು ನಿದ್ರೆಯಲ್ಲಿದ್ದೆ.

ಕೊನೆಗೆ ಒಂದು ಬೆಳಗ್ಗೆ ನಡೆದದ್ದೂ ಬೇರೆಯವರು ಹೇಳಿದ್ದರಿಂದಲೇ ನನಗೆ ತಿಳಿಯಿತು. ಐದೂಕಾಲಿಗೆ ಭಟ್ಟರು ಮೊದಲ ಲೋಟ ತಂದು ಪಟದ ಮುಂದೆ ಇಟ್ಟರು. ನಾನು ಸ್ವೆಟರಿನಲ್ಲಿ ಬಂದು ಕೈಮುಗಿದು, ಲೋಟ ಕೈಗೆತ್ತಿಕೊಂಡು, ಕುರ್ಚಿಯಲ್ಲಿ ಕೂತೆ. ಕೂತವನು ಹಾಗೇ ನಿದ್ರೆಹೋದೆ. ಭಟ್ಟರು ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾದರು. ಐದೂವರೆಯಾಯಿತು. ಆರಾಯಿತು. ಹೊರಗೆ ಸುಂದರಂ ಮಾಮಾ ಶಟರ್ ತಟ್ಟಿದರು. ಒಳಗಿನಿಂದ ಉತ್ತರವಿಲ್ಲ. ಐವತ್ತು ವರ್ಷಗಳಲ್ಲಿ ಒಂದು ದಿನವೂ ತಡವಾಗದ ಶಟರ್! ಗಲ್ಲಿಯಲ್ಲಿ ಸುದ್ದಿ ಹಬ್ಬಲು ಹತ್ತು ನಿಮಿಷ ಸಾಕಾಯಿತು.

ಗದ್ದಲ ಕೇಳಿ ಜಲಜ ಮಹಡಿಯಿಂದ ಓಡಿ ಬಂದಳು. ನನ್ನ ಭುಜ ಹಿಡಿದು ಅಲುಗಿಸಿದಳು. ನನಗೆ ಎಚ್ಚರವಾದಾಗ ಮೊದಲು ಕಂಡದ್ದು ಅವಳ ಮುಖ. ಮೂವತ್ತು ವರ್ಷಗಳಲ್ಲಿ ಆ ಮುಖದಲ್ಲಿ ನಾನು ಕೋಪವನ್ನು ಬೇಕಾದಷ್ಟು ನೋಡಿದ್ದೆ, ಭಯವನ್ನು ನೋಡಿರಲಿಲ್ಲ. ಕಾಫಿ ತಣ್ಣಗೆ ನನ್ನ ಪಂಚೆಯ ಮೇಲಿತ್ತು.

"ನೀವು ನೋಡ್ತಾ ನಿಂತದ್ದಾ?" ಎಂದು ಅವಳು ಭಟ್ಟರ ಮೇಲೆ ಹರಿಹಾಯ್ದಳು.

"ಇವರು 'ಆಯ್ತು' ಅಂತ ಹೇಳ್ಲಿಲ್ಲ. 'ಚೆಲ್ಲಿ' ಅಂತಲೂ ಹೇಳ್ಲಿಲ್ಲ. ನಿದ್ದೆ ಮಾಡಿದ್ರೆ ಎಂತ ಮಾಡ್ಬೇಕು ಅಂತ ಅಜ್ಜ ಹೇಳಿಟ್ಟು ಹೋಗ್ಲಿಲ್ಲ, ಅಮ್ಮಾ!"

ಶಟರ್ ಎತ್ತಿದರೆ ಹೊರಗೆ ಮೂವತ್ತು ಜನ. ಮುಂದೆ ಸುಂದರಂ ಮಾಮಾ. ಅವರ ಕೈಯಲ್ಲಿ ಮೂಲೆಯ ಹೂವಿನಂಗಡಿಯ ಗುಲಾಬಿ ಹಾರ. ಜೀವಂತ ಎದ್ದು ನಿಂತ ನನ್ನನ್ನು ನೋಡಿ ಅವರಿಗೆ ಹಾರವನ್ನು ಏನು ಮಾಡುವುದೆಂದು ತಿಳಿಯಲಿಲ್ಲ. ಕೊನೆಗೆ ಕೃಷ್ಣನ ಪಟಕ್ಕೆ ಹಾಕಿದರು. ಅವರು ಹೊರಗೆ ನಿಂತು ಹತ್ತು ನಿಮಿಷ ಭಾಷಣ ಮಾಡಿದ್ದರಂತೆ. ನನ್ನ ಬಗ್ಗೆ ಏನು ಹೇಳಿದರು ಎಂದು ಆಮೇಲೆ ಹೂವಿನವಳನ್ನು ಆಸೆಯಿಂದ ಕೇಳಿದೆ. ನನ್ನ ಅಪ್ಪನ ಕಾಲದ ಕಾಫಿಯನ್ನು ಹೊಗಳಿದರಂತೆ!

ಎಂಟು ಗಂಟೆಗೆ ಜಲಜ ನನ್ನನ್ನು ಡಾಕ್ಟರಮ್ಮನ ಮುಂದೆ ಕೂರಿಸಿದಳು. ಎರಡು ರಿಪೋರ್ಟ್, ಮಾತ್ರೆಯ ಡಬ್ಬಿ, ಮಂಕಿ ಕ್ಯಾಪ್ ಎಲ್ಲವನ್ನೂ ಮೇಜಿನ ಮೇಲಿಟ್ಟಳು. ನಾನು ಮಾಡಿದ್ದನ್ನೆಲ್ಲ ಒಪ್ಪಿಕೊಂಡೆ. ಡಾಕ್ಟರಮ್ಮ ಎರಡೂ ರಿಪೋರ್ಟನ್ನು ಅಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ ಕೇಳಿದರು:

"ನಿಮ್ಮ ಅಡುಗೆಯವರು ಒಲೆಯ ಮುಂದೆ ತೂಕಡಿಸಿದರೆ ನೀವು ಗಲ್ಲಾದಿಂದ ಏನು ಮಾಡ್ತೀರಿ?"

"ಕೂಗ್ತೇನೆ."

"ಆಗಲೂ ಏಳದಿದ್ದರೆ?"

"ಇನ್ನೂ ಜೋರಾಗಿ ಕೂಗ್ತೇನೆ."

"ಟಿಎಸ್‌ಎಚ್ ಅಂದರೆ ಆ ಕೂಗು. ಥೈರಾಯ್ಡ್ ಮಾಡುವ ಅಡುಗೆ ಅಲ್ಲ. ಮೆದುಳಿನ ಕೆಳಗೆ ಕೂತವನೊಬ್ಬ ಕೆಲಸ ಮಾಡು, ಕೆಲಸ ಮಾಡು ಅಂತ ಥೈರಾಯ್ಡನ್ನು ಕೂಗುತ್ತಿದ್ದಾನೆ. ಅಡುಗೆ ಕಡಿಮೆಯಾದಷ್ಟೂ ಕೂಗು ಹೆಚ್ಚು. ಕೂಗು ಹದಿನಾಲ್ಕಕ್ಕೆ ಏರಿದಾಗ ನೀವು ಅಡುಗೆಗೆ ಬಂದಿದ್ದ ಸಹಾಯಕನನ್ನು, ಅಂದರೆ ಮಾತ್ರೆಯನ್ನು, ಅರ್ಧ ದಿನಕ್ಕೆ ಇಳಿಸಿದಿರಿ. ನಲವತ್ತೊಂದಕ್ಕೆ ಏರಿದಾಗ ಅವನನ್ನು ಮನೆಗೇ ಕಳಿಸಿದಿರಿ."

ಐವತ್ತನಾಲ್ಕು ವರ್ಷದ ನನಗೆ ಇಷ್ಟು ಚೆನ್ನಾಗಿ ಯಾರೂ ಯಾವುದನ್ನೂ ಅರ್ಥ ಮಾಡಿಸಿರಲಿಲ್ಲ. ಜಲಜಳಿಗೆ ನನಗಿಂತ ಬೇಗ ಅರ್ಥವಾಯಿತು.

"ಮನೆಯಲ್ಲೂ ಹಾಗೇ ಡಾಕ್ಟ್ರೆ. ನಾನು ಕೂಗಿದಷ್ಟೂ ಇವರು ಎಲ್ಲ ಚೆನ್ನಾಗಿ ನಡೀತಾ ಉಂಟು ಅಂತ ತಿಳ್ಕೊಳ್ಳುದು!"

ಪ್ರಸಾದದ ವಿಷಯವನ್ನೂ ಅವಳೇ ಹೇಳಿದಳು. ಮಾತ್ರೆಗೆ ಕಾಫಿ ಗೊತ್ತು, ಪ್ರಸಾದ ಗೊತ್ತಿಲ್ಲ ಎಂದರು ಡಾಕ್ಟರಮ್ಮ. ಕಾಫಿಯ ಜೊತೆ ನುಂಗಿದರೆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲವಂತೆ. ನಾಲಿಗೆ ಮಂಕಾದದ್ದೂ ಚಳಿ ಹತ್ತಿದ್ದೂ ಅದರದ್ದೇ ಕೊಡುಗೆ ಇರಬಹುದಂತೆ. ಮತ್ತೆ ಅದೇ ನಾಲ್ಕು ಮಾತು ಹೇಳಿದರು. ಈ ಸಲ ನನ್ನನ್ನು ಬಿಟ್ಟು ಜಲಜಳನ್ನು ನೋಡಿಕೊಂಡು ಹೇಳಿದರು.

ದಾರಿಯಲ್ಲಿ ನಾನು ಮುಖ್ಯ ಪ್ರಶ್ನೆ ಎತ್ತಿದೆ. ಈಗಿನ ಸ್ಥಿತಿಯಲ್ಲಿ ನಾಲ್ಕೂಕಾಲಿಗೆ ಏಳುವುದು ನನ್ನಿಂದ ಆಗದು. ಹಾಗಾದರೆ ಮೊದಲ ಲೋಟ ಯಾರು ಕುಡಿಯುವುದು?

"ನಾನು" ಎಂದಳು ಜಲಜ.

"ನೀನಾ? ಅಜ್ಜನ ನಿಯಮ..."

"ಕುಡಿಯುವವರಿಗೆ ನಾಲಿಗೆ ಇರ್ಬೇಕು ಅಂತಲ್ವಾ ಅಜ್ಜನ ನಿಯಮ? ಮೀಸೆ ಇರ್ಬೇಕು ಅಂತ ಉಂಟಾ?"

ಮರುದಿನ ನಾನು ಮಾತ್ರೆ ನುಂಗಿ, ಕೈಯಲ್ಲಿ ಬರೀ ನೀರಿನ ಲೋಟ ಹಿಡಿದು, ಕಂಬಕ್ಕೆ ಒರಗಿ ನಿಂತು ನೋಡಿದೆ. ಅವಳು ಕೈಮುಗಿದಳು. ಒಂದು ಗುಟುಕು ಕುಡಿದಳು. "ಚೆಲ್ಲಿ. ಪುಡಿ ಅರ್ಧ ಪಾಲು ಕಡಿಮೆ ಮಾಡಿ" ಎಂದಳು. ರಾಘು ಭಟ್ಟರು ಡಿಕಾಕ್ಷನ್ ಚೆಲ್ಲುತ್ತ ಕಣ್ಣೊರೆಸಿಕೊಂಡರು. ಹೊಗೆ ಎಂದರು. ನನಗೂ ಕಣ್ಣಲ್ಲಿ ನೀರು ಬಂತು, ಆದರೆ ನನ್ನದು ಹೊಗೆಯಲ್ಲ. ಇಪ್ಪತ್ತೆರಡು ವರ್ಷದ ಕೆಲಸ ಹೋದವನಿಗೆ ಆಗುವಂಥ ನೋವೇ ಆಯಿತು.

ಎರಡು ತಿಂಗಳು ನಿಯಮ ತಪ್ಪದೆ ಮಾತ್ರೆ ನುಂಗಿದೆ. ಚಳಿ ಬಿಟ್ಟಿತು. ಸ್ವೆಟರ್ ಕಪಾಟು ಸೇರಿತು. ಒಂದು ದಿನ ಸಾಂಬಾರಿನಲ್ಲಿ ಇಂಗು ಕಡಿಮೆಯಾದದ್ದು ನಾಲಿಗೆಗೆ ಗೊತ್ತಾಯಿತು. ಖುಷಿಯಿಂದ ಭಟ್ಟರನ್ನು ಬೈದೆ, ಅವರೂ ಖುಷಿಯಿಂದ ಬೈಸಿಕೊಂಡರು. ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ ಮೂರು. ಈ ಸಲ ರಿಪೋರ್ಟನ್ನು ನಾನು ಓದಲೇ ಇಲ್ಲ, ನೇರ ಡಾಕ್ಟರಮ್ಮನಿಗೆ ಕೊಟ್ಟೆ. ಅವರು "ಕೂಗು ನಿಂತಿದೆ" ಎಂದರು.

ಇನ್ನೇನು! ಲೋಟ ವಾಪಸು ಪಡೆಯುವ ಕಾಲ ಬಂತು. ಮರುದಿನ ಅಲಾರಂ ಇಟ್ಟು ನಾಲ್ಕೂಕಾಲಿಗೇ ಎದ್ದು ಮಾತ್ರೆ ನುಂಗಿದೆ. ಗಡಿಯಾರ ನೋಡಿಕೊಂಡು ಪೂರ್ತಿ ಒಂದು ಗಂಟೆ ಕಾದೆ. "ಇವತ್ತು ನೀನು ಮಲಗು" ಎಂದು ಜಲಜಳಿಗೆ ಹೇಳಿ ಕೆಳಗಿಳಿದೆ. ಕೃಷ್ಣನಿಗೆ ಕೈಮುಗಿದೆ, ಕುಡಿದೆ. ಆಹಾ! ಗಟ್ಟಿಯಾಗಿ "ಆಯ್ತು" ಎಂದೆ. ಶಟರ್ ಎತ್ತಿದೆ.

ಸುಂದರಂ ಮಾಮಾ ಒಳಗೆ ಬಂದು ಮೊದಲ ಮೇಜಿನಲ್ಲಿ ಕೂತರು. ಸುತ್ತ ನೋಡಿದರು.

"ಅಮ್ಮ ಎಲ್ಲಿ?"

"ಮಲಗಿದ್ದಾಳೆ."

"ಮತ್ತೆ ಇವತ್ತು ರುಚಿ ನೋಡಿದ್ದು ಯಾರು?"

"ನಾನೇ!" ಎಂದೆ, ಎದೆಯುಬ್ಬಿಸಿ.

ಮಾಮಾ ಹೇಳಿದರು, "ಹಾಗಾದರೆ ನನಗೆ ಒಂದು ಲೋಟ ಬಿಸಿನೀರು ಸಾಕು."

ಅದನ್ನೇ ಊದಿಕೊಂಡು ಕುಡಿಯುತ್ತ ಕೂತರು. ಆರು ಗಂಟೆಗೆ ಜಲಜ ಇಳಿದು ಬಂದು, ಉಳಿದ ಡಿಕಾಕ್ಷನ್ನಿನಿಂದಲೇ ಒಂದು ಗುಟುಕು ಕುಡಿದು "ಆಯ್ತು" ಎಂದಳು. ಅದೇ ಡಿಕಾಕ್ಷನ್. ಅದೇ ಹಾಲು. ಮಾಮಾ ಬಿಸಿನೀರಿನ ಲೋಟ ಪಕ್ಕಕ್ಕೆ ತಳ್ಳಿ, "ಅಮ್ಮಾ, ಒಂದು ಕಾಫಿ!" ಎಂದು ಕೂಗಿದರು. ಹಿಂದಿನ ಬೆಂಚಿನಿಂದ ಇನ್ನೂ ನಾಲ್ಕು ದನಿ ಸೇರಿತು.

ಈಗಲೂ ನಾನು ನಾಲ್ಕೂಕಾಲಿಗೆ ಎದ್ದು ಮಾತ್ರೆ ನುಂಗಿ ಒಂದು ಗಂಟೆ ಕಾಯುತ್ತೇನೆ. ಐದೂಕಾಲಿಗೆ ಜಲಜ ಮೊದಲ ಲೋಟ ಕುಡಿಯುತ್ತಾಳೆ. ಅವಳು "ಆಯ್ತು" ಎಂದ ಮೇಲೆ ಶಟರ್ ಎತ್ತುವ ಕೆಲಸವನ್ನು ಮಾತ್ರ ನನಗೇ ಬಿಟ್ಟಿದ್ದಾರೆ. ಅದಕ್ಕೆ ನಾಲಿಗೆ ಬೇಕಾಗಿಲ್ಲವಂತೆ!